ಅಮಾವಾಸ್ಯೆ ಕಲಿಸಿದವರು

ವಿಮಾನ ನಿಲ್ದಾಣದ ಕಚೇರಿಯಲ್ಲಿ ನನ್ನ ಪಕ್ಕದ ಕುರ್ಚಿ ಮೇಡಂ ಅವರದು. ಹಕ್ಕಿಗಳು ವಿಮಾನಕ್ಕೆ ಬಡಿಯದಂತೆ, ಅವು ಬರುವ ಹೊತ್ತನ್ನು ಮೊದಲೇ ಹೇಳಲು ಕಂಪ್ಯೂಟರಿಗೆ ಕಲಿಸುತ್ತಿದ್ದರು. ಪರದೆಯಲ್ಲಿ ಹಕ್ಕಿ ಕಂಡರೆ ಗದ್ದಕ್ಕೆ ಕೈಯಿಟ್ಟು, “ಯಾವೂರಾಕಿ ಬೇ ನೀ?” ಎನ್ನುವರು.

ಒಂದು ಎಳ್ಳು ಅಮಾವಾಸ್ಯೆಯಂದು ಕಂಪ್ಯೂಟರು ಹೇಳದೆಯೇ ಹಕ್ಕಿಗಳ ಹಿಂಡು ಬಂತು. ಇಳಿಯಬೇಕಿದ್ದ ವಿಮಾನ ಮೇಲೆಯೇ ಸುತ್ತಿತು. ಸುತ್ತಲಿನ ರೈತರು ಭೂಮಿತಾಯಿಗೆಂದು ಹೊಲದ ತುಂಬ ಹಬ್ಬದ ಅಡುಗೆಯನ್ನು ಚರಗವಾಗಿ ಚೆಲ್ಲಿದ್ದರು; ಹಕ್ಕಿಗಳು ಅದಕ್ಕೇ ಬಂದಿದ್ದವು. ಬೆಳಿಗ್ಗೆ ಟಿಕೋಟಾದ ತಮ್ಮ ಹೊಲದಲ್ಲಿ ತಾವೂ ಚೆಲ್ಲಿ ಬಂದಿದ್ದ ಮೇಡಂಗೆ ಇದು ಹೊಳೆದೇ ಇರಲಿಲ್ಲ.

“ಚೆಲ್ಲೂದ ಬ್ಯಾಡ ಅಂತ ಹೇಳೂಣೇನ್ರಿ?” ಎಂದೆ.

“ಭೂಮಿತಾಯಿ ಊಟ ಹೆಂಗ ತಪ್ಪಸೂದ್ರಿ? ಕಂಪ್ಯೂಟರಿಗೇ ಅಮಾಸಿ ಕಲಸೂಣು,” ಎಂದು ಡಬ್ಬಿಯಿಂದ ಕಡುಬು ತೆಗೆದುಕೊಟ್ಟರು.

ಆಮೇಲೆ ಅವರಿಗೆ ವರ್ಗವಾಯಿತು. ಈಗ ಪ್ರತಿ ಎಳ್ಳು ಅಮಾವಾಸ್ಯೆಗೆ ಕಂಪ್ಯೂಟರು ತಪ್ಪದೆ ಎಚ್ಚರಿಸುತ್ತದೆ. ಹಕ್ಕಿಗಳೂ ಬರುತ್ತವೆ. ಯಾವೂರೆಂದು ಕೇಳುವವರು ಮಾತ್ರ ಇಲ್ಲ.