ಆರೋಪಿಯ ಕುರ್ಚಿಯಲ್ಲಿ ಗೊರಕೆ

ಗಂಡನ ಏಟು ತಿಂದವರು ಸಾಕ್ಷಿ ಹೇಳಲು ಬಂದರೆ ಜೊತೆಗಿರುವುದೇ ಎಲ್ಲರೂ ಕೋರ್ಟಿನ ಅಕ್ಕ ಎನ್ನುತ್ತಿದ್ದವಳ ಕೆಲಸ. ಅವಳ ಗಂಟಲು ಎಷ್ಟು ದೊಡ್ಡದೆಂದರೆ, ಪಿಸುಗುಟ್ಟಿದರೂ ಜಡ್ಜು ತಲೆಯೆತ್ತುತ್ತಿದ್ದರು. ವಿಚಾರಣೆಗೆ ಮುಂಚೆ ಖಾಲಿ ಕೋರ್ಟ್ ಹಾಲಿಗೆ ಕರೆದೊಯ್ದು, ಹೆಂಗಸನ್ನು ಕಟಕಟೆಯಲ್ಲಿ ನಿಲ್ಲಿಸಿ, ತಾನು ಆರೋಪಿಯ ಕುರ್ಚಿಯಲ್ಲಿ ಕಾಲು ಚಾಚಿ, ಕಿಟಕಿ ಅದುರುವಂತೆ ಗೊರಕೆ ಹೊಡೆಯುತ್ತಿದ್ದಳು. “ಅವನಿಲ್ಲಿ ಕೂತು ಗುರಾಯಿಸಿದ್ರೆ ಇದನ್ನ ನೆನೆಸ್ಕೊಳ್ಳೇ ತಾಯಿ.” ಹಾಗೆ ನಿಂತವರಲ್ಲಿ ಕೊನೆಯವಳು, “ನೀವೂ ಬರ್ತೀರಲ್ಲಕ್ಕಾ?” ಎಂದಳು. “ಸತ್ರೂ ಬರ್ತೀನಿ, ಮನೇಲಿ ಕೂತು ಏನ್ ಮಾಡ್ಲಿ?” ವಿಚಾರಣೆ ಮುಂದಕ್ಕೆ ಹೋಯಿತು, ಅಷ್ಟರಲ್ಲಿ ಅಕ್ಕ ತೀರಿಕೊಂಡಳು. ಅವಳ ಬದಲಿಗೆ, ಆ ಗೊರಕೆ, ಆ ಮಾತು ಎರಡನ್ನೂ ಪಕ್ಕದಲ್ಲೇ ಇದ್ದು ಕೇಳಿದ್ದ ಅವಳ ಗೆಳತಿ ಹೋದಳು. ಸಾಕ್ಷಿ ಹೆದರಿ ಸುಮ್ಮನಾದರೆ ಗಂಡ ಬಿಡುಗಡೆಯಾಗಿ ನೆಟ್ಟಗೆ ಮನೆಗೇ ಬರುತ್ತಿದ್ದ. ಅವನು ಗುರಾಯಿಸಿದ. ಕಟಕಟೆಯಲ್ಲಿದ್ದವಳು ಅವನು ಕೂತ ಕುರ್ಚಿಯತ್ತ ನೋಡಿ, ತುಟಿಯಂಚಿನಲ್ಲಿ ನಕ್ಕು, ತಡವರಿಸದೆ ಎಲ್ಲವನ್ನೂ ಹೇಳಿದಳು. ಸತ್ರೂ ಹೇಳಿದ ಹಾಗೇ ಬಂದುಬಿಟ್ಟಳಲ್ಲ ಮಹರಾಯ್ತಿ ಎಂದುಕೊಂಡ ಗೆಳತಿಗೆ, ಅಕ್ಕ ಹೋದ ಮೇಲೆ ಮೊದಲ ಸಲ ಎದೆ ಹಗುರಾಯಿತು.