ಭಾವನ ಕಿವಿ

ನನ್ನ ಅಕ್ಕನ ಗಂಡನನ್ನು ದೋಣಿಕಟ್ಟೆಯಲ್ಲಿ ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ದೋಣಿಯ ಹಿಂದೆ ಕೂರಿಸುವ ಇಂಜಿನ್‌ಗಳ ರಿಪೇರಿ ಅವರ ಕಸುಬು. ಬೇರೆ ಮೇಸ್ತ್ರಿಗಳು ಮೀಟರ್ ತಗುಲಿಸಿ ಇಂಜಿನ್ ನಿಮಿಷಕ್ಕೆ ಎಷ್ಟು ಸಾವಿರ ಸುತ್ತು ತಿರುಗುತ್ತದೆಂದು ನೋಡುವಾಗ, ಇವರು ಮುಚ್ಚಳದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, "ಐದು ಸಾವಿರದ ಇನ್ನೂರು" ಎಂದುಬಿಡುತ್ತಿದ್ದರು. ಒಮ್ಮೆ ಯಾರೋ ಪಂಥ ಕಟ್ಟಿ ಮೀಟರ್ ಹಾಕಿ ನೋಡಿದರು. ನೂರು ಸುತ್ತು ಆಚೀಚೆ ಇತ್ತು. ಭಾವ, "ಮೀಟರ್ ಹಳೇದಿರ್ಬೇಕು, ಬದಲಾಯಿಸು" ಎಂದರು. ಆ ಮನುಷ್ಯನಿಗೆ ನಿಜವಾಗಿಯೂ ಅನುಮಾನ ಬಂದು ಹೊಸ ಮೀಟರ್ ಕೊಂಡ.

ನಾನು ಬಡಗಿ. ದೋಣಿ ಕಟ್ಟುತ್ತೇನೆ. ನಮ್ಮಿಬ್ಬರ ಶೆಡ್ಡುಗಳ ನಡುವೆ ಒಂದು ತಗಡಿನ ಗೋಡೆ ಇತ್ತು, ಇಪ್ಪತ್ತೆಂಟು ವರ್ಷ ಅದರ ಎರಡೂ ಕಡೆಯಿಂದ ಜಗಳವಾಡಿದೆವು. ಇಂಜಿನ್ ಚೆನ್ನಾಗಿ ಓಡಿದರೆ ಅವರ ಕೈಗುಣ, ಓಡದಿದ್ದರೆ ನನ್ನ ಹಲಗೆ ಸೊಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಗೊಣಗಿದರೆ, "ನೆಲಾನೂ ಡೊಂಕೇ ಇದ್ರೆ ಅವಳಾದ್ರೂ ಏನ್ ಮಾಡ್ಬೇಕೋ?" ಎಂದು ತಗಡಿನಾಚೆಯಿಂದ ಉತ್ತರ ಬರುತ್ತಿತ್ತು. ಮಧ್ಯಾಹ್ನ ಅಕ್ಕ ಕಳಿಸಿದ ಡಬ್ಬಿಯನ್ನು ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಉಣ್ಣುತ್ತಿದ್ದೆವು.

ಅವರ ಕೆಲಸದ ಜೀವಾಳ ಎರಡೇ ವಿಷಯದಲ್ಲಿತ್ತು. ಮೊದಲನೆಯದು ಫ್ಯಾನು. ನೀರೊಳಗೆ ತಿರುಗಿ ದೋಣಿಯನ್ನು ನೂಕುವ ಪ್ರೊಪೆಲ್ಲರನ್ನು ನಾವು ಹಾಗೆನ್ನುತ್ತೇವೆ. ಮರದೊಳಗೆ ಸ್ಕ್ರೂ ಇಳಿದ ಹಾಗೆ ಅದು ಒಂದು ಸುತ್ತಿಗೆ ನೀರಿನಲ್ಲಿ ಎಷ್ಟು ಇಂಚು ಮುಂದೆ ಹೋಗಬೇಕೆಂಬ ಲೆಕ್ಕ ಅದರ ಮೈಮೇಲೇ ಕೊರೆದಿರುತ್ತದೆ. ಹೆಚ್ಚು ಇಂಚಿನದು ಹಾಕಿದರೆ ಖಾಲಿ ದೋಣಿ ಹಾರುತ್ತದೆ, ಜನ ತುಂಬಿದೊಡನೆ ಇಂಜಿನ್ ಏದುಸಿರು ಬಿಡುತ್ತದೆ. ಕಡಿಮೆ ಇಂಚಿನದು ಭಾರ ಎಳೆಯುತ್ತದೆ, ವೇಗ ಕೊಡುವುದಿಲ್ಲ. ಎರಡನೆಯದು ಎತ್ತರ. ಇಂಜಿನ್ನನ್ನು ದೋಣಿಯ ಹಿಂಬದಿಯ ಹಲಗೆಗೆ ಬಿಗಿಯುವ ಪಟ್ಟಿಯಲ್ಲಿ ಒಂದರ ಕೆಳಗೊಂದು ತೂತುಗಳಿರುತ್ತವೆ. ತೀರ ಕೆಳಗೆ ಕೂರಿಸಿದರೆ ಫ್ಯಾನು ಹೊತ್ತ ಇಂಜಿನ್ನಿನ ಕಾಲು ನೀರನ್ನು ಉಳುತ್ತಾ ಹೋಗಿ ಪೆಟ್ರೋಲು ಕುಡಿಯುತ್ತದೆ. ಒಂದು ತೂತು ಹೆಚ್ಚಿಗೆ ಎತ್ತಿದರೆ ನೇರ ಹೋಗುವಾಗ ಸೊಗಸು, ತಿರುವಿನಲ್ಲಿ ಫ್ಯಾನು ನೀರು ಬಿಟ್ಟು ಗಾಳಿ ಹಿಡಿಯುತ್ತದೆ. ಆಗ ಇಂಜಿನ್ ಕಿರುಚುತ್ತದೆ, ದೋಣಿ ಮಾತ್ರ ಹೇಳಿದ ಕಡೆ ಹೋಗುವುದಿಲ್ಲ.

ಇದನ್ನೆಲ್ಲ ನೋಡಲು ಬೇರೆಯವರು ದೋಣಿಯಲ್ಲಿ ಮರಳಿನ ಮೂಟೆ ಹೇರುತ್ತಾರೆ. ಭಾವ ಮನುಷ್ಯರನ್ನೇ ಕೂರಿಸುತ್ತಿದ್ದರು. "ಮೂಟೆ ಹೆದರಲ್ಲ. ಜನ ಹೆದರ್ತಾರೆ, ಎಲ್ರೂ ಒಂದೇ ಕಡೆ ಸರೀತಾರೆ. ಅದನ್ನ ತಡ್ಕೊಂಡ್ರೆ ಅದು ದೋಣಿ" ಎನ್ನುತ್ತಿದ್ದರು. ಹೊಸ ದೋಣಿ ನೀರಿಗಿಳಿದ ದಿನ ಕಟ್ಟೆಯಲ್ಲಿ ಕೆಲಸವಿಲ್ಲದೆ ನಿಂತವರೆಲ್ಲ ಅವರಿಗೆ ಭಾರದ ಲೆಕ್ಕ.

ಮೂವತ್ತೈದು ವರ್ಷ ಮುಚ್ಚಳ ತೆಗೆದ ಇಂಜಿನ್ನಿಗೆ ಕಿವಿ ಆನಿಸಿದ ಮನುಷ್ಯನ ಕಿವಿ ಏನಾಗಬೇಕೋ ಅದೇ ಆಯಿತು. ನನಗೆ ತಿಳಿದದ್ದು ಒಂದು ಮಧ್ಯಾಹ್ನ. ಅವರ ಶೆಡ್ಡಿನಲ್ಲಿ ನೀರಿನ ಡ್ರಮ್ಮಿನೊಳಗೆ ಕಾಲಿಳಿಸಿ ಒಂದು ಇಂಜಿನ್ ಓಡುತ್ತಿತ್ತು. ಬಿಸಿಯೇರಿದೆ ಎಂದು ಅದರ ಬಜರ್ ಹೊಡೆದುಕೊಳ್ಳುತ್ತಿತ್ತು, ಹಲ್ಲು ಜುಮ್ಮೆನ್ನುವಂಥ ಸದ್ದು. ಭಾವ ಅದರ ಪಕ್ಕದಲ್ಲೇ ನಿಂತು, ಟೀ ಅಂಗಡಿಯವನು ಸಕ್ಕರೆ ಕಡಿಮೆ ಮಾಡಿದ್ದಾನೆಂದು ನನ್ನ ಬಳಿ ದೂರು ಹೇಳುತ್ತಿದ್ದರು. ನಾನು ಕೈ ಚಾಚಿ ಇಂಜಿನ್ ಆರಿಸಿದೆ. ಅವರು ನನ್ನನ್ನು ನೋಡಿದರು, ಬಜರಿನ ಕೆಂಪು ದೀಪವನ್ನು ನೋಡಿದರು, ಮತ್ತೆ ಸಕ್ಕರೆಯ ಮಾತು ಮುಂದುವರಿಸಿದರು. ಹತ್ತಿರ ಕೂತು ಆಡಿದ ಮಾತು ಅವರಿಗೆ ಇನ್ನೂ ಕೇಳುತ್ತಿತ್ತು. ಹೋದದ್ದು ಬಜರಿನಂಥ ಏರಿದ ಶ್ರುತಿಯ ದನಿಗಳು. ಅವರ ಕಸುಬು ನಿಂತದ್ದೇ ಆ ದನಿಗಳ ಮೇಲೆ. ಹಳೆಯ ಇಂಜಿನ್‌ಗಳು ಅಂಗೈಗಾದರೂ ನಡುಕದಿಂದ ಏನೋ ಹೇಳುತ್ತಿದ್ದವು. ಹೊಸವು ಕೈಗೂ ಏನೂ ಹೇಳುವುದಿಲ್ಲ.

ಅದಾದ ಮೇಲಿನ ಏರ್ಪಾಡನ್ನು ನಾವು ಮಾತಾಡಿ ಮಾಡಿಕೊಂಡದ್ದಲ್ಲ. ಒಂದು ದೋಣಿಯ ಪರೀಕ್ಷೆಗೆ ನಾನು ಮುಂದೆ, ಅವರ ಕಡೆ ಮುಖ ಮಾಡಿ ಕೂತಿದ್ದೆ. ಇಂಜಿನ್ ಏದುಸಿರು ಬಿಡುತ್ತಿತ್ತು. ನನಗೇ ಗೊತ್ತಿಲ್ಲದೆ, ಮೆಟ್ಟಿಲು ಹತ್ತುವವನಂತೆ ಮೊಣಕಾಲಿನ ಮೇಲೆ ಕೈ ಊರಿದೆ. ಭಾವ ಅದನ್ನು ನೋಡಿ, "ಫ್ಯಾನು ಭಾರ ಆಯ್ತು, ಕಮ್ಮಿ ಇಂಚಿಂದು ಹಾಕೋಣ" ಎಂದರು. ಅಲ್ಲಿಂದ ಅದೇ ರೂಢಿಯಾಯಿತು. ಕೈ ಮೊಣಕಾಲ ಮೇಲಿದ್ದರೆ ಭಾರ. ತಲೆ ಸವರಿಕೊಂಡರೆ ಇಂಜಿನ್ ಕಿರುಚುತ್ತಿದೆ, ಫ್ಯಾನಿಗೆ ಗಾಳಿ ಸಿಕ್ಕಿದೆ. ಎರಡೂ ಕೈ ಮಡಿಲಲ್ಲಿದ್ದರೆ ಎಲ್ಲ ಸರಿ. ಮೊದಲು ಕಣ್ಣು ಮುಚ್ಚಿ ಕೇಳುತ್ತಿದ್ದ ಮೇಸ್ತ್ರಿ ಈಗ ಕಣ್ಣು ತೆರೆದೇ ಇರುತ್ತಾರೆಂಬುದನ್ನು ಕಟ್ಟೆಯಲ್ಲಿ ಯಾರೂ ಗಮನಿಸಲಿಲ್ಲ. ಎರಡು ವರ್ಷ ಹೀಗೇ ನಡೆಯಿತು. ಆ ಎರಡು ವರ್ಷ ಅವರು ನನ್ನನ್ನು ಬೈಯುವುದನ್ನೇನೂ ಕಡಿಮೆ ಮಾಡಲಿಲ್ಲ, ಸ್ವಲ್ಪ ಹೆಚ್ಚೇ ಮಾಡಿದರು.

ಅವರ ಒಬ್ಬಳೇ ಮಗಳು ದೋಣಿ ನಡೆಸುತ್ತಾಳೆ. ಆಸ್ಪತ್ರೆ ಇರುವುದು ಆಚೆ ದಡದಲ್ಲಿ. ನರ್ಸುಗಳನ್ನು, ರೋಗಿಗಳನ್ನು, ಅವರನ್ನು ನೋಡಹೋಗುವವರನ್ನು ದಿನಕ್ಕೆ ಹತ್ತು ಸಲ ದಾಟಿಸುವುದು ಅವಳ ಕೆಲಸ. ಆಚೆ ದಡದ ಕಟ್ಟೆಗೆ ಹೋಗಬೇಕಾದರೆ ಕಲ್ಲಿನ ಗೋಡೆಯೊಂದರ ಮಗ್ಗುಲಲ್ಲೇ ತಿರುಗಬೇಕು. ಅಲ್ಲಿ ಸೆಳೆತವೂ ಹೆಚ್ಚು. ಆ ತಿರುವಿನಲ್ಲಿ ಫ್ಯಾನಿನ ಹಿಡಿತ ತಪ್ಪಿದರೆ ನೀರು ದೋಣಿಯನ್ನು ಎತ್ತಿ ಕಲ್ಲಿಗೆ ಬಡಿಯುತ್ತದೆ. ಅವಳಿಗೆ ಹೊಸ ದೋಣಿ ಕಟ್ಟಿಕೊಟ್ಟವನು ನಾನು. "ಈ ಸಲ ಒಂದು ಮೀಟರ್ ಹಾಕಿಸ್ಕೊಳ್ಳೇ" ಎಂದು ಮೆಲ್ಲಗೆ ಹೇಳಿ ನೋಡಿದ್ದೆ.

"ಅಪ್ಪ ಇರೋವಾಗ ಮೀಟರ್ ಯಾಕೆ ಮಾವ? ಅವರಿಗೆ ಬೇಜಾರಾಗುತ್ತೆ" ಎಂದಳು.

ಆ ಮಾತು ನನ್ನ ನಿದ್ದೆ ಕೆಡಿಸಿತು. ಫ್ಯಾನಿನ ಅಂಚು ಕಲ್ಲಿಗೆ ತಾಗಿದರೂ, ಇಂಜಿನ್ ಬದಲಾಯಿಸಿದರೂ ಅವಳು ಅಪ್ಪನ ಬಳಿಯೇ ಬರುತ್ತಾಳೆ. ಅಪ್ಪ ಮುಚ್ಚಳದ ಮೇಲೆ ಕೈಯಿಟ್ಟು ಸರಿ ಎನ್ನುತ್ತಾರೆ. ಒಂದು ದಿನ ನಾನು ಜ್ವರ ಬಂದು ಮಲಗಿದ್ದರೆ ಏನು ಗತಿ?

ಪರೀಕ್ಷೆಯ ಬೆಳಿಗ್ಗೆ ಹತ್ತು ಜನ ದೋಣಿ ಹತ್ತಿದೆವು. ಅಕ್ಕ, ನಾಲ್ವರು ನರ್ಸುಗಳು, ಇಬ್ಬರ ತೂಕದ ಟೀ ಅಂಗಡಿಯವನು, ಪಕ್ಕದ ಮನೆಯ ದಂಪತಿ, ಭಾವ, ನಾನು. ಮಗಳು ಇಂಜಿನ್ನಿನ ಹಿಡಿ ಹಿಡಿದಳು. ಭಾವ ಅವಳ ಪಕ್ಕದಲ್ಲಿ ಮುಚ್ಚಳದ ಮೇಲೆ ಕೈಯಿಟ್ಟು, ನಾನು ಮುಂದೆ ಅವರ ಕಡೆ ಮುಖ ಮಾಡಿ ಕೂತೆವು. ಮೊದಲು ಹದಿಮೂರು ಇಂಚಿನ ಫ್ಯಾನು. ದಡ ಬಿಟ್ಟು ನೂರು ಅಡಿ ಹೋಗುವಷ್ಟರಲ್ಲೇ ಇಂಜಿನ್ ನರಳತೊಡಗಿತು. ನಾನು ಮೊಣಕಾಲ ಮೇಲೆ ಕೈ ಇಟ್ಟೆ.

"ಹದಿಮೂರು ಭಾರ. ಹನ್ನೊಂದು ಹಾಕೋಣ" ಎಂದರು ಭಾವ. ನರ್ಸುಗಳು ಮುಖ ಮುಖ ನೋಡಿಕೊಂಡರು. ಅವರಲ್ಲಿ ಒಬ್ಬಳು, "ನಮ್ಮ ಡಾಕ್ಟ್ರು ಎದೆಗೆ ಸ್ಟೆಥಾಸ್ಕೋಪ್ ಇಟ್ರೂ ಇಷ್ಟು ಬೇಗ ಹೇಳಲ್ಲ" ಎಂದಳು. ಅಕ್ಕನ ಮುಖ ಅರಳಿತು.

ಕಟ್ಟೆಗೆ ಮರಳಿ, ಪಿನ್ನು ಕಿತ್ತು, ಹನ್ನೊಂದರ ಫ್ಯಾನು ಏರಿಸಿದರು. ಆಮೇಲೆ ಬಗ್ಗಿ ಹಿಂಬದಿಯ ಹಲಗೆಯನ್ನೂ ಇಂಜಿನ್ನಿನ ಕಾಲನ್ನೂ ನೋಡಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಕಾಲು ಮುಳುಗಿದೆ. ನಮ್ಮ ಬಡಗಿ ಹಲಗೆ ಅರ್ಧ ಇಂಚು ಗಿಡ್ಡ ಕೊಯ್ದಿದ್ದಾನೆ. ತಲೆ ನರೆತ್ರೂ ಟೇಪು ಹಿಡಿಯೋಕೆ ಬರಲಿಲ್ಲ ಇವನಿಗೆ."

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಆ ಹಲಗೆಯನ್ನು ನಾನು ಮೂರು ಸಲ ಅಳೆದಿದ್ದೆ.

"ಅಳತೆ ಸರಿ ಇದೆ ಭಾವ. ಒಂದು ತೂತು ಎತ್ತಿದ್ರೆ ಜಾಸ್ತಿ ಆಗುತ್ತೆ" ಎಂದೆ.

"ನೀನು ಮರ ನೋಡ್ಕೋ. ಕಬ್ಬಿಣ ನನಗೆ ಬಿಡು" ಎಂದು ಬೋಲ್ಟು ಬಿಚ್ಚಿ ಇಂಜಿನ್ನನ್ನು ಒಂದು ತೂತು ಮೇಲೆತ್ತಿದರು.

ಎರಡನೆಯ ಸಲ ನೇರ ದಾರಿಯಲ್ಲಿ ದೋಣಿ ನೀರಿನ ಮೇಲೆ ಜಾರಿದ್ದೇ ತಿಳಿಯಲಿಲ್ಲ. ಹನ್ನೊಂದು ಸರಿಯಾಗಿ ಕೂತಿತ್ತು. ಅಕ್ಕ ಸೆರಗು ಹಿಡಿದುಕೊಂಡು ನಗುತ್ತಿದ್ದಳು. ಕಲ್ಲಿನ ಗೋಡೆ ಹತ್ತಿರವಾಯಿತು, ಮಗಳು ಹಿಡಿ ತಿರುಗಿಸಿದಳು, ದೋಣಿ ಒಂದು ಮಗ್ಗುಲಿಗೆ ವಾಲಿತು. ಆಗ ಇಂಜಿನ್ ಕಿರುಚಿತು. ನರ್ಸುಗಳು ಕಿವಿ ಮುಚ್ಚಿಕೊಂಡರು. ದೋಣಿ ತಿರುಗುವ ಬದಲು ಅಡ್ಡಡ್ಡ ಜಾರಿ ಗೋಡೆಯ ಕಡೆ ಹೊರಟಿತು. ಟೀ ಅಂಗಡಿಯವನು ಹೆದರಿ ಈಚೆಗೆ ಸರಿದ, ಎಲ್ಲರೂ ಅವನ ಹಿಂದೆ ಸರಿದರು. ಮಗಳು ತಟ್ಟನೆ ವೇಗ ಇಳಿಸಿದಳು. ಫ್ಯಾನಿಗೆ ಮತ್ತೆ ನೀರು ಸಿಕ್ಕಿ, ಗೋಡೆಯನ್ನು ಎರಡು ಮೊಳ ಬಿಟ್ಟು ದೋಣಿ ತಿರುಗಿತು.

ಅಷ್ಟೂ ಹೊತ್ತು ಭಾವ ನೋಡುತ್ತಿದ್ದದ್ದು ನನ್ನ ಕೈಗಳನ್ನು. ನನ್ನ ಎರಡೂ ಕೈ ಮಡಿಲಲ್ಲಿದ್ದವು.

"ಸರಿಯಾಗಿದೆ. ಒಂದೇ ದನಿ. ಜನ ಸರಿದಾಡಿದ್ದಕ್ಕೆ ಸ್ವಲ್ಪ ಜಾರ್ತು ಅಷ್ಟೆ. ಇದೇ ತೂತಿಗೆ ಬಿಗಿ ಮಾಡೋಣ" ಎಂದರು, ಗಟ್ಟಿಯಾಗಿ, ಹೆಮ್ಮೆಯಿಂದ.

ಸೆಳೆತ ದಾಟಿದ ಮೇಲೆ ಮಗಳು ಇಂಜಿನ್ ಆರಿಸಿದಳು. ದೋಣಿ ಸುಮ್ಮನೆ ತೇಲಿತು. ಅವಳು ಅಪ್ಪನ ಕಡೆ ಬಗ್ಗಿ ಕೇಳಿದಳು: "ಅಪ್ಪಾ, ಈಗ ಕಿರುಚಿದ್ದು ನಿಮಗೆ ಕೇಳಿಸ್ಲಿಲ್ವಾ?"

ಭಾವ ನನ್ನ ಮುಖ ನೋಡಿದರು. ಬೈಯುವ ನೋಟವಾಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಅದು ಏನೂ ಅರ್ಥವಾಗದವರ ನೋಟ. ಆಮೇಲೆ ಅರ್ಥವಾಯಿತು. ಮುಚ್ಚಳದ ಮೇಲಿನ ಕೈಯನ್ನು ತೆಗೆದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ನಾನು ಮಗಳ ಒಳ್ಳೆಯದಕ್ಕೆ ಹಾಗೆ ಮಾಡಿದೆ ಎಂದು ಹೇಳಿಕೊಳ್ಳಬಹುದು. ಅದು ನಿಜವೂ ಹೌದು. ಬಾಯಿಬಿಟ್ಟು ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ, ಅವರು ಒಪ್ಪುತ್ತಿರಲಿಲ್ಲ. ಆದರೆ ಅವಳೊಬ್ಬಳನ್ನೇ ಬದಿಗೆ ಕರೆದು ನಾನೊಮ್ಮೆ ಕಿವಿಯ ವಿಷಯ ಹೇಳಿ ನೋಡಬಹುದಿತ್ತು, ನೋಡಲಿಲ್ಲ. ಹತ್ತು ಜನರನ್ನು ಕಲ್ಲಿನ ಮುಂದೆ ಒಡ್ಡಿ, ಅಕ್ಕನೂ ಇರುವಾಗ, ಆ ನರ್ಸುಗಳ ಮುಂದೆ ಅವರ ಬಾಯಲ್ಲೇ ಸರಿಯಾಗಿದೆ ಎಂದು ಹೇಳಿಸಿದೆ. ಅರ್ಧ ಇಂಚಿನ ಮಾತನ್ನು ಆಗ ನಾನು ಮರೆತಿರಲಿಲ್ಲ. ಒಳ್ಳೆಯ ಕಾರಣ ಎಷ್ಟು, ಕೆಟ್ಟದ್ದು ಎಷ್ಟು ಎಂದು ಅಳೆಯಲು ನನ್ನ ಬಳಿ ಟೇಪು ಇಲ್ಲ.

ಮರುದಿನ ಭಾವ ಶೆಡ್ಡಿಗೆ ಬರಲಿಲ್ಲ. ಮಗಳೇ ಇಂಜಿನ್ನನ್ನು ಒಂದು ತೂತು ಇಳಿಸಿದಳು, ವಾರದೊಳಗೆ ಮೀಟರ್ ಹಾಕಿಸಿದಳು. ಕಟ್ಟೆಯವರು ಆಡಿಕೊಂಡಿದ್ದರೆ ಭಾವ ಜಗಳಕ್ಕಾದರೂ ಬರುತ್ತಿದ್ದರೇನೋ. ಯಾರೂ ಆಡಿಕೊಳ್ಳಲಿಲ್ಲ. ಕನಿಕರಪಟ್ಟು ಗ್ರೀಸು ಹಚ್ಚುವಂಥ ಕೆಲಸ ಮನೆಗೆ ಕಳಿಸಿದರು. ಭಾವ ಅದನ್ನು ಹಾಗೇ ಹಿಂದಕ್ಕೆ ಕಳಿಸಿದರು. ಅಕ್ಕ ಒಂದೇ ಸಲ ನನ್ನನ್ನು ಕೇಳಿದಳು: "ನಿನಗೆ ಮೊದ್ಲೇ ಗೊತ್ತಿತ್ತಾ?" ನಾನು ಇಲ್ಲವೆಂದೆ. ಕೈಸನ್ನೆಯ ವಿಷಯ ಭಾವ ಯಾರಿಗೂ ಹೇಳಿರಲಿಲ್ಲ. ತಮ್ಮ ಮಾನಕ್ಕೋ ನನ್ನ ಮಾನಕ್ಕೋ, ಗೊತ್ತಿಲ್ಲ. ಮಧ್ಯಾಹ್ನ ಆ ಬೆಂಚಿನಲ್ಲಿ ಒಬ್ಬನೇ ಕೂರಲಾಗದೆ ನಾನು ನಿಂತೇ ಉಣ್ಣುತ್ತೇನೆ.

ಒಂದು ವರ್ಷದ ಮೇಲೆ ಅವರ ಮನೆಗೆ ಹೋದೆ. ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಲ್ಲಿಂದ ನೀರು ಕಾಣುತ್ತದೆ. ಕಿವಿ ಈಗ ಹೆಚ್ಚುಕಡಿಮೆ ಪೂರ್ತಿ ಹೋಗಿದೆ, ಕಿರುಚಿದರೆ ಮಾತ್ರ ಅಷ್ಟಿಷ್ಟು ಕೇಳುತ್ತದೆ ಎಂದು ಅಕ್ಕ ಬಾಗಿಲಲ್ಲೇ ಹೇಳಿ ಅಡಿಗೆಮನೆಗೆ ಹೋದಳು. ನಾನು ಪಕ್ಕದಲ್ಲಿ ಕೂತೆ. ಮಗಳ ದೋಣಿ ಜನ ತುಂಬಿಕೊಂಡು ಆಚೆ ದಡಕ್ಕೆ ಹೋಗುತ್ತಿತ್ತು. ಕಲ್ಲಿನ ಗೋಡೆಯ ಬಳಿ ಚೆನ್ನಾಗಿ ತಿರುಗಿತು.

"ಹನ್ನೊಂದೇ ಇದೆಯಾ?" ಎಂದರು. ನಾನು ತಲೆಯಾಡಿಸಿದೆ.

"ಕಿವಿ ಹೋಗಿದ್ದು ನನಗೆ ಗೊತ್ತಿತ್ತು ಕಣೋ. ನೀನಿದ್ದೀಯಲ್ಲ ಅಂತ ಇದ್ದೆ" ಎಂದರು.

ಒಂದು ವರ್ಷ ಕಟ್ಟಿಕೊಂಡಿದ್ದದ್ದೆಲ್ಲ ಹೊರಗೆ ಬಂತು. ಅದು ಮಗಳ ದೋಣಿ, ಭಾವ, ದಿನಾ ಅದರಲ್ಲಿ ನಾನು ಇರ್ತಿದ್ನಾ, ತಪ್ಪಾಯ್ತು, ಅಲ್ಲಿ ಎಲ್ಲರ ಮುಂದೆ ಹಾಗೆ ಮಾಡಬಾರದಿತ್ತು ಎಂದೆಲ್ಲ ಹೇಳಿದೆ. ಮೆಲ್ಲಗೆ ಹೇಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದು, ಕಿವಿಯ ಹಿಂದೆ ಕೈ ಮಡಚಿ, "ಏನಂದೆ? ಗಟ್ಟಿಯಾಗಿ ಹೇಳು" ಎಂದರು.

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅಕ್ಕ ಕೇಳಿಸಿಕೊಳ್ಳುತ್ತಿದ್ದಳು.

"ಏನಿಲ್ಲ ಭಾವ" ಎಂದು ಗಟ್ಟಿಯಾಗಿ ಹೇಳಿದೆ.