ನಮ್ಮವಳಿಗೊಂದು ಕುರ್ಚಿ

ನಮ್ಮವಳು ಹೋಟೆಲಿನ ಕೆಲಸಕ್ಕೆ ಹೋಗುತ್ತೇನೆಂದಾಗ ನಾನು ಹಾರಾಡಿದ್ದು ಅಷ್ಟಿಷ್ಟಲ್ಲ. "ಕಂಡೋರು ಮಲಗೆದ್ದ ಹಾಸಿಗೆ ಕೊಡವೋ ಗತಿ ಬಂತಾ ನಮಗೆ?" ಎಂದು ಬೀದಿಗೆ ಕೇಳುವ ಹಾಗೆ ಕೂಗಿದ್ದೆ. ಅವಳು ಪಾತ್ರೆ ಒರೆಸುತ್ತಲೇ, "ಬಂದಾಗಿದೆ, ನಿಮಗಿನ್ನೂ ಗೊತ್ತಾಗಿಲ್ಲ ಅಷ್ಟೇ" ಎಂದಳು. ಮರುದಿನ ಹೋದಳು. ಅದಾಗಿ ಹತ್ತು ವರ್ಷ.

ನನ್ನದು ಬಟ್ಟೆ ಮಿಲ್ಲಿನ ಕೆಲಸವಾಗಿತ್ತು. ಇಪ್ಪತ್ತೆರಡು ವರ್ಷ ಒಂದೇ ಮೇಜು. ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ದೀಪ. ನೇಯ್ದ ಬಟ್ಟೆ ಅದರ ಮೇಲೆ ಸರಿದುಹೋಗುವಾಗ ಎಲ್ಲಿ ಎಳೆ ತುಂಡಾಗಿದೆ, ಎಲ್ಲಿ ನೇಯ್ಗೆ ತೆಳುವಾಗಿದೆ ಎಂದು ನೋಡಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ನನ್ನ ಕಣ್ಣು ತಪ್ಪಿಸಿ ಒಂದು ಕೆಟ್ಟ ಎಳೆ ಆಚೆ ಹೋದದ್ದಿಲ್ಲ. ಜಂಬ ಅನ್ನುತ್ತೀರಾ? ಹೌದು, ಜಂಬವೇ. ಮಿಲ್ಲು ಮುಚ್ಚಿದ ಮೇಲೆ ನನ್ನ ಹತ್ತಿರ ಉಳಿದದ್ದು ಅದೊಂದೇ.

ಆ ಮಿಲ್ಲು ಕಡಲಿಗೆ ಮುಖ ಮಾಡಿಕೊಂಡು ನಿಂತಿತ್ತು. ಒಳಗೆ ದುಡಿಯುತ್ತಿದ್ದ ನಾವ್ಯಾರೂ ಅದನ್ನು ಒಂದು ದೊಡ್ಡ ವಿಷಯ ಅಂದುಕೊಂಡಿರಲಿಲ್ಲ. ಮಿಲ್ಲು ಕೆಡವಿ ಎರಡು ವರ್ಷದಲ್ಲಿ ಅಲ್ಲೊಂದು ಐದಂತಸ್ತಿನ ಹೋಟೆಲು ಎದ್ದಿತು. ಅದರ ಹಿಂದೆಯೇ ನಾಯಿಕೊಡೆಗಳ ಹಾಗೆ ಇನ್ನಷ್ಟು. ಊರಲ್ಲಿ ಉದ್ಯೋಗ ಹೆಚ್ಚಿದೆ ಎಂದು ಯಾರೋ ದೊಡ್ಡವರು ಭಾಷಣ ಮಾಡಿ ಹೋದರು. ಸುಳ್ಳಲ್ಲ ಬಿಡಿ. ಮೊದಲು ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಉದ್ಯೋಗ, ಆಮೇಲೆ ಮೂರು. ನಮ್ಮವಳು ಹಗಲು ಹೋಟೆಲಿನ ಕೋಣೆ ಗುಡಿಸುತ್ತಿದ್ದಳು, ಸಂಜೆ ಎರಡು ತಾಸು ಚಹಾದಂಗಡಿಯ ಲೋಟ ತೊಳೆಯುತ್ತಿದ್ದಳು, ನಾನು ಪ್ರವಾಸಿಗರು ಬರುವ ನಾಲ್ಕು ತಿಂಗಳು ಕಾರು ನಿಲ್ಲಿಸುವ ಬಯಲಿನಲ್ಲಿ ಚೀಟಿ ಹರಿದು ಕೊಡುತ್ತಿದ್ದೆ. ಮೂರೂ ಸೇರಿಸಿದರೂ ಹಳೆಯ ಆ ಒಂದರ ಸಮಕ್ಕೆ ಬರುತ್ತಿರಲಿಲ್ಲ. ಆದರೂ ಹೋಟೆಲಿನ ಗೇಟಿನೊಳಗೆ ಮಾತ್ರ ಕಾಲಿಡುವುದಿಲ್ಲ ಎಂದು ಹಟ ಹಿಡಿದಿದ್ದೆ. ನನ್ನ ಮೇಜು ಇದ್ದ ಜಾಗದಲ್ಲಿ ಈಗ ಈಜುಕೊಳವಂತೆ.

ಅವಳಿಗೆ ಇಂಥ ಹಟಗಿಟ ಏನೂ ಇರಲಿಲ್ಲ. ಬೆಳಿಗ್ಗೆ ಎದ್ದು ಅಡಿಗೆ ಮುಗಿಸಿ, ಬೂದು ಬಣ್ಣದ ಸಮವಸ್ತ್ರ ತೊಟ್ಟು ಹೊರಡುವಳು. ಸಂಜೆ ಕೈಗೆಲ್ಲ ಫಿನಾಯಿಲಿನ ವಾಸನೆ ಅಂಟಿಸಿಕೊಂಡು ಬರುವಳು. ಹೋಟೆಲಿಗೆ ಬಂದವರನ್ನೆಲ್ಲ ಅವಳು ಕರೆಯುವುದು ಕೋಣೆಯ ನಂಬರಿನಿಂದಲೇ. "ಮುನ್ನೂರ ಹನ್ನೆರಡು ತುಂಬ ಒಳ್ಳೇವ್ರು ರೀ, ಟವೆಲು ಮಡಿಸಿಟ್ಟು ಹೋಗಿದಾರೆ" ಅನ್ನುವಳು. "ನೂರ ಏಳು ಮೂರು ದಿನದಿಂದ ಅಳ್ತಾ ಇದಾಳೆ, ಪಾಪ. ಕಸದಬುಟ್ಟಿ ತುಂಬ ಒದ್ದೆ ಕಾಗದ. ಇವತ್ತು ಒಂದು ದಿಂಬು ಹೆಚ್ಚಿಗೆ ಇಟ್ಟು ಬಂದೆ." ಅಳುವವರಿಗೆ ದಿಂಬು ಹೆಚ್ಚಿಗೆ ಯಾಕೆ ಎಂದು ಕೇಳಿದರೆ, "ನಿಮಗೆ ಹೇಗೆ ಅರ್ಥ ಆಗುತ್ತೆ, ಸುಮ್ನಿರಿ" ಎಂದು ನನ್ನ ಬಾಯಿ ಮುಚ್ಚಿಸುವಳು.

ಕಳೆದ ವರ್ಷ ಅವಳ ಬಲಭುಜ ಹಿಡಿದುಕೊಂಡಿತು. ಕೈ ಕಿವಿಯ ಎತ್ತರಕ್ಕೂ ಏಳದು. ಡಾಕ್ಟರು ವಿಶ್ರಾಂತಿ ತೆಗೆದುಕೊಳ್ಳಿ ಅಂದರು. ಹೇಳುವುದಕ್ಕೇನು, ಬಾಯಿ ಅವರದು! ಅದೇ ಹೊತ್ತಿಗೆ ಹೋಟೆಲಿನವರು ಹೊಸ ಪದ್ಧತಿ ತಂದರು. ಇನ್ನು ಮೇಲೆ ಒಬ್ಬೊಬ್ಬರಾಗಿ ಕೆಲಸ ಮಾಡುವಂತಿಲ್ಲ, ಇಬ್ಬಿಬ್ಬರ ಜೋಡಿ, ಒಂದು ಜೋಡಿಗೆ ದಿನಕ್ಕೆ ಇಪ್ಪತ್ತಾರು ಕೋಣೆ, ಜೋಡಿಯನ್ನು ನೀವೇ ಹುಡುಕಿಕೊಳ್ಳಿ ಎಂದರು. ನಮ್ಮವಳ ಗೆಳತಿ ಮಧ್ಯಾಹ್ನದ ಊಟ ಕೊಡುತ್ತಾರೆಂದು ಬೇರೆ ಹೋಟೆಲು ಸೇರಿದ್ದಳು. ಕೈ ಎತ್ತಲಾಗದವಳ ಜೊತೆ ಯಾರು ಜೋಡಿಯಾಗುತ್ತಾರೆ? ಮೇಲ್ವಿಚಾರಕಿ ಕರೆದು, "ಅಮ್ಮಾ, ಸೋಮವಾರದೊಳಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ಈ ತಿಂಗಳಿಗೆ ಮುಗೀತು" ಎಂದಳಂತೆ. ನಲವತ್ತೊಂಬತ್ತು ವರ್ಷ, ಹಿಡಿದುಕೊಂಡ ಭುಜ. ಇಲ್ಲಿ ಬಿಟ್ಟರೆ ಊರಿನ ಯಾವ ಹೋಟೆಲೂ ಅವಳನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆಮೇಲೆ ಬಾಡಿಗೆಗೂ ಅಡಿಗೆಗೂ ಉಳಿಯುವುದು ಲೋಟ ತೊಳೆಯುವುದು ಮತ್ತು ನನ್ನ ಚೀಟಿ.

ಇದನ್ನು ಹೇಳಿ ಅವಳು ಅಳಲಿಲ್ಲ. ಗೋಡೆಗೊರಗಿ ಕೂತು ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತಿದ್ದಳು.

"ನಾನು ಬರ್ತೀನಿ" ಎಂದೆ.

"ಎಲ್ಲಿಗೆ?"

"ನಿನ್ನ ಜೋಡಿಯಾಗಿ."

ಅವಳು ನಕ್ಕ ನಗೆ ಇದೆಯಲ್ಲ, ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡಿದರು. "ಉಂಡ ತಟ್ಟೆ ಎತ್ತಿ ಇಡದ ಮಹಾರಾಯರು ಹಾಸಿಗೆ ಹಾಸ್ತಾರಂತೆ!" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಮುಖ ನೋಡಿ, ಎದ್ದು ಮಂಚದ ಹೊದಿಕೆ ಕಿತ್ತು ನನ್ನ ಕೈಗಿಟ್ಟಳು.

ಎರಡು ದಿನ ನಮ್ಮ ಮನೆಯ ಮಂಚದ ಮೇಲೆಯೇ ತಾಲೀಮು ನಡೆಯಿತು. ಮೂಲೆ ಮಡಿಸುವುದು, ಹೊದಿಕೆ ಬೀಸಿ ಹರಡುವುದು, ದಿಂಬಿಗೆ ಗವಸು ತೊಡಿಸುವುದು. ನಾನು ಗವಸಿನೊಳಗೆ ದಿಂಬನ್ನು ತುರುಕುವ ಪರಿ ನೋಡಿ, "ಅದೇನು ಗೋಣಿಚೀಲಕ್ಕೆ ಕಸ ತುಂಬ್ತಾ ಇದೀರಾ?" ಎಂದು ಗದರಿದಳು. ಅವಳ ಬಾಯಿಗೆ ಅಷ್ಟು ಹೊತ್ತು ಸಿಕ್ಕಿಹಾಕಿಕೊಂಡದ್ದು ಮದುವೆಯಾದ ಮೇಲೆ ಅದೇ ಮೊದಲು. ನಿಜ ಹೇಳಬೇಕೆಂದರೆ, ಹಿತವಾಗಿತ್ತು.

ಸೋಮವಾರ ಗೇಟು ದಾಟಿದೆ. ಕೋಣೆಗಳು ನಾನಂದುಕೊಂಡ ಹಾಗೆ ಅರಮನೆಯೇನಲ್ಲ. ಮಂಚ, ಕಿಟಕಿ, ಕನ್ನಡಿ. ಮೊದಲ ಕೋಣೆಯಲ್ಲಿ ಒಗೆದು ಬಂದ ಬಿಳಿ ಹಾಸು ಬಿಡಿಸಿದೆ ನೋಡಿ, ಕೈ ತನ್ನಷ್ಟಕ್ಕೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯಿತು. ಅಂಚಿನಿಂದ ಒಂದು ಮೊಳದಾಚೆ ಎಳೆ ಹೋಗಿತ್ತು. ತೆಗೆದು ಪಕ್ಕಕ್ಕಿಟ್ಟೆ. ಮುಂದಿನದರಲ್ಲಿ ಮಧ್ಯಭಾಗ ಸವೆದು ಜಾಳುಜಾಳಾಗಿತ್ತು. ಅದನ್ನೂ ಇಟ್ಟೆ. ಇನ್ನೊಂದು ತರಲು ಕೆಳಗೆ ಓಡಿದೆ. "ರೀ, ಹಾಸ್ರೀ ಸುಮ್ನೆ! ಇದು ಮಿಲ್ಲಲ್ಲ!" ಎಂದು ಅವಳು ಪಿಸುದನಿಯಲ್ಲಿ ಬೈದಳು. ನನಗೂ ಗೊತ್ತಿತ್ತು. ಆದರೆ ಕೆಟ್ಟ ಬಟ್ಟೆ ಕಂಡ ಮೇಲೂ ಕಾಣದ ಹಾಗೆ ಹಾಸುವುದು ನನ್ನಿಂದಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹದಿಮೂರು ಕೋಣೆ ಮುಗಿಯಬೇಕಿತ್ತು, ಆದದ್ದು ಏಳು. ಕೈಗಾಡಿಯ ಮೇಲೆ ಬೇಡವೆಂದು ಇಟ್ಟ ಹಾಸುಗಳು ಹನ್ನೊಂದು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಮಾಡಲು ಹೋದದ್ದೇನು, ಮಾಡಿದ್ದೇನು!

ಮೇಲ್ವಿಚಾರಕಿ ಬಂದಳು. ಮೂವತ್ತರ ಹೆಂಗಸು, ಅವಳ ತಲೆಯ ಮೇಲೂ ನೂರೆಂಟು ಕೆಲಸ. "ಏನ್ ಯಜಮಾನ್ರೇ, ಬಟ್ಟೆ ಅಂಗಡಿ ಇಟ್ಟಿದೀರಾ?" ಎಂದು ಸಿಡಿದಳು. ನಾನು ಒಂದು ಹಾಸು ಎತ್ತಿ ಬೆಳಕಿಗೆ ಹಿಡಿದು, "ಇಲ್ಲಿ ಬೆರಳಿಡಿ ಮೇಡಂ" ಎಂದೆ. ಇಟ್ಟಳು. ಹೆಬ್ಬೆರಳು ಸೀದಾ ಆಚೆಗೆ ಹೋಯಿತು. ಅವಳು ಆ ಹನ್ನೊಂದನ್ನೂ ಎತ್ತಿಕೊಂಡು ಮ್ಯಾನೇಜರ ಹತ್ತಿರ ಹೋದಳು.

ಹಿಂದಿನ ವಾರವೇ ಯಾರೋ ಹರಿದ ಹಾಸಿನ ಫೋಟೋ ತೆಗೆದು ಊರಿಗೆಲ್ಲ ತೋರಿಸಿ ಹೋಟೆಲಿನ ಮಾನ ಕಳೆದಿದ್ದರಂತೆ. ಮ್ಯಾನೇಜರು ನಮ್ಮಿಬ್ಬರನ್ನೂ ಕರೆಸಿದರು. "ಒಳ್ಳೇ ಕಣ್ಣು ನಿಮ್ಮದು. ಕೆಳಗೆ ಬಟ್ಟೆ ಕೋಣೆಯಲ್ಲಿ ಕೂತು ಬಂದದ್ದನ್ನೆಲ್ಲ ನೋಡಿ ಮೇಲೆ ಕಳಿಸ್ತೀರಾ? ಸಂಬಳ ಎಲ್ಲರಿಗೆ ಇರೋ ಅಷ್ಟೇ. ಆದ್ರೆ ಕೂತು ಮಾಡೋ ಕೆಲಸ" ಎಂದರು.

ಈಗ ಹೇಳುವುದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ನಾನು ಹಿಂದೆಮುಂದೆ ನೋಡದೆ "ಆಗ್ಲಿ ಸಾರ್" ಎಂದುಬಿಟ್ಟೆ. ಒಳ್ಳೇ ಕಣ್ಣು ಎಂದು ಯಾರಾದರೂ ಹೇಳಿ ಹನ್ನೊಂದು ವರ್ಷವಾಗಿತ್ತು. ಎದೆ ಉಬ್ಬಿ ಹೋಯಿತು. ಅವಳ ಕಡೆ ತಿರುಗಿದೆ, ನೋಡಿದೆಯಾ ಅನ್ನುವ ಹಾಗೆ. ಅವಳೂ ನಗುತ್ತಿದ್ದಳು. ತನಗೆ ಜೋಡಿ ತಪ್ಪಿತು, ತಿಂಗಳಿಗೆ ತನ್ನ ಕೆಲಸ ಮುಗಿಯಿತು ಎಂದು ಗೊತ್ತಿದ್ದೂ ನನಗಾಗಿ ಮುಖ ತುಂಬ ನಗುತ್ತಿದ್ದಳು. ಆ ನಗುವಿನಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

"ಸಾರ್, ಆ ಕುರ್ಚಿ ಇವಳಿಗೆ ಕೊಡಿ. ನಾನು ಕಲಿಸ್ತೀನಿ. ಹಾಸಿಗೆ ನಾನು ಹಾಸ್ತೀನಿ, ಯಾರ ಜೊತೆಗಾದ್ರೂ ಹಾಕಿ."

"ನಿಮ್ಮ ಕಣ್ಣು ಅವರಿಗೆ ಹೇಗೆ ಬರುತ್ತೆ?"

"ಮೂರು ದಿನ ಕೊಡಿ."

ಅವಳು ನನ್ನ ಅಂಗಿಯ ತೋಳು ಜಗ್ಗುತ್ತಿದ್ದಳು. ನಾನು ತಿರುಗಿ ನೋಡಲಿಲ್ಲ.

ಮೇಲ್ವಿಚಾರಕಿ ಆ ಹನ್ನೊಂದರಲ್ಲಿ ಆರನ್ನು ಕಲಿಯಲೆಂದು ಕೊಟ್ಟು ಕಳಿಸಿದಳು. ದಿನವೂ ಕೆಲಸದಿಂದ ಬಂದ ಮೇಲೆ ಬೆಳಕಿರುವಷ್ಟು ಹೊತ್ತು ನಮ್ಮ ಕಿಟಕಿಯೇ ನನ್ನ ಹಳೆಯ ಮೇಜಾಯಿತು. ತೂತು ಹುಡುಕಬೇಡ, ತೂತು ಎಲ್ಲರಿಗೂ ಕಾಣುತ್ತದೆ, ನೇಯ್ಗೆಯ ಗೆರೆ ಎಲ್ಲಿ ಕುಂಟುತ್ತದೆ ನೋಡು ಎಂದೆ. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ ಎಂದೆ. ಮೊದಲ ದಿನ ಅವಳಿಗೆ ಏನೂ ಕಾಣಲಿಲ್ಲ. "ಎಲ್ಲಾ ಬೆಳ್ಳಗೇ ಕಾಣುತ್ತೆ ರೀ" ಎಂದು ಸೋತು ಕೂತಳು. ನಾನೂ ರೇಗಿದೆ. ಆಮೇಲೆ ಅವಳ ಬೆರಳು ಹಿಡಿದು ಬಟ್ಟೆಯ ಮೇಲೆ ಆಡಿಸಿದೆ. ಫಿನಾಯಿಲು ತಿಂದು ಆ ಬೆರಳ ತುದಿಗಳೆಲ್ಲ ಒಡೆದು ಒರಟಾಗಿದ್ದವು. ಆ ಒರಟಿಗೇ ಎಳೆ ಸಿಕ್ಕಿಕೊಳ್ಳುತ್ತಿತ್ತು. ಮೂರನೆಯ ದಿನ ನಾನು ಬಿಟ್ಟಿದ್ದ ಒಂದನ್ನು ಅವಳೇ ತೋರಿಸಿದಳು.

ಗುರುವಾರ ಬಟ್ಟೆ ಕೋಣೆಯಲ್ಲಿ ಪರೀಕ್ಷೆ. ಇಪ್ಪತ್ತು ಹಾಸು, ಅದರಲ್ಲಿ ಐದು ಕೆಟ್ಟವು. ನನ್ನನ್ನು ಬಾಗಿಲಾಚೆ ನಿಲ್ಲಿಸಿದರು. ಅವಳು ನಾಲ್ಕು ತೆಗೆದಿಟ್ಟಳು. "ಒಂದು ತಪ್ಪಿಹೋಯ್ತಮ್ಮ" ಎಂದಳು ಮೇಲ್ವಿಚಾರಕಿ. ಒಳಗಿನಿಂದ ನಮ್ಮವಳ ದನಿ ಕೇಳಿಸಿತು. "ಇನ್ನೊಂದು ಸಲ ನೋಡ್ತೀನಿ. ನಿಮಗೆ ಕೆಲಸ ಇದ್ರೆ ಹೋಗಿ ಬನ್ನಿ."

ಮೇಲ್ವಿಚಾರಕಿ ಹೋಗಲಿಲ್ಲ. ಅರ್ಧ ಗಂಟೆ ಬಟ್ಟೆ ಸರಿಯುವ ಸದ್ದು ಬಿಟ್ಟು ಬೇರೇನೂ ಇಲ್ಲ. ಆಮೇಲೆ "ಇದು" ಎಂದಳು ನಮ್ಮವಳು.

ಹಾಗೆ ಅವಳಿಗೆ ಕುರ್ಚಿ ಸಿಕ್ಕಿತು. ಮರುದಿನದಿಂದ ಮೂರನೆಯ ಮಹಡಿ ನನಗೆ, ಜೊತೆಗೆ ಗಾಳಿಯ ಹಾಗೆ ಓಡಾಡುವ ಒಬ್ಬ ಹೆಣ್ಣುಮಗಳು. ಈ ಸಲ ಬೆಳಕಿಗೆ ಹಿಡಿಯುವ ಗೋಜಿರಲಿಲ್ಲ, ಎಲ್ಲ ನೋಡಿಯೇ ಮೇಲೆ ಬರುತ್ತಿತ್ತು. ನಾಲ್ಕನೆಯ ಹಾಸಿಗೆಗೆ ಸೊಂಟ ಹಿಡಿಯಿತು. ಎಂಟನೆಯದಕ್ಕೆ ಹೊದಿಕೆ ಬೀಸಲು ಕೈ ಏಳಲಿಲ್ಲ. ಹನ್ನೊಂದನೆಯ ಕೋಣೆಯ ಬಚ್ಚಲಲ್ಲಿ ಮೊಣಕಾಲೂರಿ ನೆಲ ತಿಕ್ಕುವಾಗ ಮತ್ತೆ ಏಳಲು ಆಗಲೇ ಇಲ್ಲ. ಹಾಗೇ ಕೂತು ಅತ್ತೆ. ನೋವಿಗಲ್ಲ. ಒಂಬತ್ತು ವರ್ಷ ಇದನ್ನು ಮುಗಿಸಿ ಮನೆಗೆ ಬಂದವಳ ಎದುರು ಕಾಲು ಚಾಚಿ ಕೂತು ಚಹಾ ಕೇಳಿದ್ದೆನಲ್ಲ, ಅದಕ್ಕೆ. "ಏನಾಯ್ತಣ್ಣ?" ಎಂದು ಆ ಹೆಣ್ಣುಮಗಳು ಇಣುಕಿದಳು. "ಕಣ್ಣಿಗೆ ಸೋಪು ಹೋಯ್ತಮ್ಮ" ಎಂದೆ.

ಮಧ್ಯಾಹ್ನ ದಿಂಬಿನ ಗವಸು ತರುವ ನೆವ ಮಾಡಿ ಕೆಳಗಿಳಿದೆ. ಅವಳು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು. ಮಡಿಲ ತುಂಬ ಬಿಳಿ ಬಟ್ಟೆ. ನನ್ನನ್ನು ನೋಡಿ, "ಸುಸ್ತಾಯ್ತಾ?" ಎಂದಳು.

ನಾನು ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತೆ. "ಇಷ್ಟು ವರ್ಷ ಇದನ್ನ ಹೇಗೆ ಮಾಡಿದ್ಯೇ?" ಎಂದೆ. "ತುಂಬ ನೋಯ್ತಿತ್ತಾ?"

ಅವಳ ಕೈ ಬಟ್ಟೆಯ ಮೇಲೆ ನಿಂತಿತು. ಏನೋ ತಮಾಷೆ ಮಾಡುತ್ತಾಳೆ ಎಂದುಕೊಂಡೆ. ಮಾಡಲಿಲ್ಲ.

"ನೋಯ್ತಿತ್ತು" ಎಂದಳು. ಕೈಯಲ್ಲಿದ್ದ ಹಾಸನ್ನು ಮಡಿಸಿಟ್ಟು, "ನೀವು ಕೇಳಿದ್ದು ಇವತ್ತೇ" ಎಂದಳು.

ಮೇಲೆ ಇನ್ನೂ ಹನ್ನೆರಡು ಕೋಣೆ ಬಾಕಿ ಇದ್ದವು. ನಾನು ಅವಳ ಬಲಭುಜದ ಮೇಲೆ ಕೈಯಿಟ್ಟುಕೊಂಡು ಇನ್ನಷ್ಟು ಹೊತ್ತು ಅಲ್ಲೇ ಕೂತಿದ್ದೆ.